ದೂರ ಎಳೆದಷ್ಟೂ ಬಿಡದ ಬಲ

ಇವತ್ತು ನಿಮ್ಮ ಮುಂದೆ ಪರಮಾಣುವಿನ ಒಳಗಿನ ಒಂದು ಬಲದ ಬಗ್ಗೆ ಮಾತಾಡಲು ಬಂದಿದ್ದೇನೆ. ಒಂದು ಅಕ್ಕಿ ಚೀಲದಿಂದ ಶುರು ಮಾಡುತ್ತೇನೆ. ಅಂಗಡಿಯಲ್ಲಿ 25 ಕೆಜಿ ಚೀಲ ಸಿಗುತ್ತದಲ್ಲ, ಅದು. ನಿಮ್ಮಲ್ಲಿ ಹುಡುಗರು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳಬಹುದು. ನನಗೀಗ ಎರಡು ಕೈ ಸಾಲದು, ಸೊಂಟದ ಅನುಮತಿಯೂ ಬೇಕು. ಈ ಚೀಲದ ಭಾರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ.

ಈಗ ಎರಡು ಪ್ರೋಟಾನ್ ತೆಗೆದುಕೊಳ್ಳಿ. ಎರಡಕ್ಕೂ ಪಾಸಿಟಿವ್ ಚಾರ್ಜ್, ಹಾಗಾಗಿ ಒಂದನ್ನೊಂದು ತಳ್ಳುತ್ತವೆ. ಇದನ್ನು ಹೈಸ್ಕೂಲಿನಲ್ಲೇ ಓದಿದ್ದೀರಿ. ಅವೆರಡನ್ನೂ ಒಂದು ಫರ್ಮಿ ದೂರದಲ್ಲಿ ಇಡಿ. ಫರ್ಮಿ ಅಂದರೆ ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲು. ನ್ಯೂಕ್ಲಿಯಸ್ ಒಳಗೆ ಪಕ್ಕಪಕ್ಕದ ಕಣಗಳ ನಡುವೆ ಇರುವುದು ಒಂದೆರಡು ಫರ್ಮಿ ಜಾಗ ಅಷ್ಟೇ. ಕೂಲಂಬ್ ಸೂತ್ರಕ್ಕೆ ಅಂಕಿಗಳನ್ನು ಹಾಕಿ ನೋಡಿ, 230 ನ್ಯೂಟನ್ ಬರುತ್ತದೆ. ಅಂದರೆ ಸುಮಾರು 23 ಕೆಜಿ. ನಮ್ಮ ಅಕ್ಕಿ ಚೀಲಕ್ಕೆ ಎರಡೇ ಕೆಜಿ ಕಮ್ಮಿ.

ಈ ತಳ್ಳಾಟ ಬೀಳುತ್ತಿರುವುದು ಯಾರ ಮೇಲೆ? ಒಂದು ಗ್ರಾಂ ಆಗಬೇಕಾದರೆ ಆರುನೂರು ಕೋಟಿ ಕೋಟಿ ಕೋಟಿ ಪ್ರೋಟಾನ್ ಬೇಕು. ಅಂಥ ಒಂದೇ ಒಂದು ಪ್ರೋಟಾನ್ ಮೇಲೆ ಅಕ್ಕಿ ಚೀಲದ ಭಾರ. ಅದು ಒಂದು ಕ್ಷಣವೂ ಅಲ್ಲಿ ನಿಲ್ಲಬಾರದು. ಆದರೂ ನಿಮ್ಮ ಮೂಳೆಯಲ್ಲಿರುವ ಕ್ಯಾಲ್ಸಿಯಂನ ನ್ಯೂಕ್ಲಿಯಸ್ ಒಳಗೆ ಇಪ್ಪತ್ತು ಪ್ರೋಟಾನ್‌ಗಳು ಕೋಟ್ಯಂತರ ವರ್ಷಗಳಿಂದ ಒತ್ತಿಕೊಂಡು ಕೂತಿವೆ. ಯಾರು ಹಿಡಿದಿಟ್ಟಿದ್ದಾರೆ?

ರುದರ್‌ಫರ್ಡ್ 1911ರಲ್ಲಿ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಅಂತ ಹೇಳಿದ ದಿನದಿಂದಲೇ ಈ ಪ್ರಶ್ನೆ ಇತ್ತು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದ ಮೇಲೆ ಅದು ಇನ್ನೂ ಜೋರಾಯಿತು. ನ್ಯೂಟ್ರಾನ್‌ಗೆ ಚಾರ್ಜೇ ಇಲ್ಲ, ಅದು ಯಾಕೆ ಅಲ್ಲಿ ಅಂಟಿಕೊಂಡಿದೆ? ಗುರುತ್ವ ಅನ್ನುತ್ತೀರಾ? ಎರಡು ಪ್ರೋಟಾನ್‌ಗಳ ನಡುವಿನ ಗುರುತ್ವ, ವಿದ್ಯುತ್ ತಳ್ಳಾಟದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. 1ರ ಮುಂದೆ 36 ಸೊನ್ನೆ ಹಾಕಿದರೆ ಎಷ್ಟಾಗುತ್ತದೋ ಅಷ್ಟು ಪಟ್ಟು ಚಿಕ್ಕದು. ಹಾಗಾದರೆ ಮೂರನೆಯ ಬಲ ಒಂದು ಇರಲೇಬೇಕು. ವಿದ್ಯುತ್ ಬಲವನ್ನು ಸೋಲಿಸಬೇಕು, ಆದರೆ ನ್ಯೂಕ್ಲಿಯಸ್ ಹೊರಗೆ ಅದರ ಸುಳಿವೂ ಇರಬಾರದು. ಅದಕ್ಕೆ ಪ್ರಬಲ ಬಲ ಅಂತ ಹೆಸರಿಟ್ಟರು. ಹೆಸರಿಡುವುದರಲ್ಲಿ ಭೌತವಿಜ್ಞಾನಿಗಳು ಅಂಥ ಕವಿಗಳೇನಲ್ಲ.

ಮೊದಲ ಒಳ್ಳೆಯ ಉತ್ತರ ಜಪಾನಿನಿಂದ ಬಂತು, 1935ರಲ್ಲಿ. ಹಿದೆಕಿ ಯುಕಾವಾ ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಯೋಚನೆ ಹೀಗೆ. ಎರಡು ಕಣಗಳ ನಡುವೆ ಬಲ ಅಂದರೆ ಅವುಗಳ ನಡುವೆ ಇನ್ನೊಂದು ಕಣ ಓಡಾಡುತ್ತಿದೆ ಅಂತ ಅರ್ಥ. ಆ ಮೂರನೆಯ ಕಣವನ್ನು ಸೃಷ್ಟಿಸೋಕೆ ಶಕ್ತಿ ಬೇಕು. ಆ ಶಕ್ತಿ ಕೈಯಲ್ಲಿಲ್ಲ. ಆದರೆ ಕ್ವಾಂಟಂ ಲೋಕದಲ್ಲಿ ಕೈಗಡ ಸಿಗುತ್ತದೆ. ಷರತ್ತು ಒಂದೇ: ಸಾಲ ದೊಡ್ಡದಾದಷ್ಟೂ ಬೇಗ ತೀರಿಸಬೇಕು. ನಮ್ಮ ಬ್ಯಾಂಕುಗಳಿಗೆ ತದ್ವಿರುದ್ಧ. ಓಡಾಡುವ ಕಣ ಭಾರ ಇದ್ದರೆ ಸಾಲ ದೊಡ್ಡದು, ವಾಯಿದೆ ಚಿಕ್ಕದು, ಅಷ್ಟರೊಳಗೆ ಅದು ಜಾಸ್ತಿ ದೂರ ಹೋಗಲಾರದು. ವಿದ್ಯುತ್ ಬಲವನ್ನು ಹೊತ್ತು ತಿರುಗುವ ಫೋಟಾನ್‌ಗೆ ತೂಕವೇ ಇಲ್ಲ, ಅದಕ್ಕೇ ಅದು ಎಷ್ಟು ದೂರ ಬೇಕಾದರೂ ಹೋಗುತ್ತದೆ. ನ್ಯೂಕ್ಲಿಯಸ್ಸಿನ ಬಲ ಒಂದೆರಡು ಫರ್ಮಿಗೆ ನಿಂತುಹೋಗುತ್ತದೆ ಅಂದರೆ ಅದರ ಕಣಕ್ಕೆ ತೂಕ ಇರಬೇಕು. ಎಷ್ಟು? ಎಲೆಕ್ಟ್ರಾನ್‌ಗಿಂತ ಸುಮಾರು 200 ಪಟ್ಟು ಅಂತ ಯುಕಾವಾ ಬರೆದರು. ಬಲ ಎಷ್ಟು ದೂರ ಮುಟ್ಟುತ್ತದೆ ಅನ್ನುವ ಒಂದೇ ಸಂಗತಿಯಿಂದ, ಯಾರೂ ನೋಡದ ಕಣದ ತೂಕ ಹೇಳಿಬಿಟ್ಟರು. ನನ್ನ ಮಟ್ಟಿಗೆ ಇದು ಇಪ್ಪತ್ತನೇ ಶತಮಾನದ ಅತಿ ಚೆಂದದ ಅಂದಾಜುಗಳಲ್ಲಿ ಒಂದು.

ಆ ಕಣವನ್ನು ಹುಡುಕಿದ ಕಥೆಯಲ್ಲಿ ನಮ್ಮ ದೇಶದ ಒಂದು ಪುಟ ಇದೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕಲ್ಕತ್ತಾದ ದೇವೇಂದ್ರ ಮೋಹನ ಬೋಸ್ ಮತ್ತು ಅವರ ವಿದ್ಯಾರ್ಥಿನಿ ಬಿಭಾ ಚೌಧುರಿ ಫೋಟೊ ಪ್ಲೇಟುಗಳನ್ನು ಡಾರ್ಜಿಲಿಂಗ್ ಬೆಟ್ಟಗಳ ಮೇಲೆ ತಿಂಗಳುಗಟ್ಟಲೆ ಇಟ್ಟರು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಪ್ಲೇಟಿನೊಳಗೆ ಹಾದುಹೋದ ಗೆರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಚುಕ್ಕಿ ಎಣಿಸಿ, ಕಣದ ತೂಕ ಹೇಳುವ ದಾರಿ ಅದು. ಎಲೆಕ್ಟ್ರಾನ್‌ಗಿಂತ ಇನ್ನೂರು ಪಟ್ಟು ಆಸುಪಾಸಿನ ಕಣಗಳ ಗುರುತು ಅವರಿಗೆ ಸಿಕ್ಕಿತು. 1940ರ ದಶಕದ ಶುರುವಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಇನ್ನೂ ಖಚಿತವಾಗಿ ಹೇಳಬೇಕಾದರೆ ಒಳ್ಳೆಯ ಪ್ಲೇಟು ಬೇಕಿತ್ತು. ಯುದ್ಧದ ಕಾಲ, ಪ್ಲೇಟು ಬರಲಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಸ್ಟಲ್‌ನ ಸೆಸಿಲ್ ಪವೆಲ್ ತಂಡ ಅದೇ ದಾರಿಯಲ್ಲಿ, ಉತ್ತಮ ಪ್ಲೇಟುಗಳಲ್ಲಿ, 1947ರಲ್ಲಿ ಯುಕಾವಾ ಹೇಳಿದ ಕಣವನ್ನು ಹಿಡಿಯಿತು. ಅದೇ ಪಯಾನ್. ಯುಕಾವಾಗೆ 1949ರ ನೊಬೆಲ್, ಪವೆಲ್‌ಗೆ 1950ರದು. ಬಿಭಾ ಅವರ ಹೆಸರು 2019ರಲ್ಲಿ ಒಂದು ನಕ್ಷತ್ರಕ್ಕೆ ಬಂತು. ನಕ್ಷತ್ರ ದೊಡ್ಡದೇ. ಆದರೂ ಆಗ ಒಂದು ಪೆಟ್ಟಿಗೆ ಒಳ್ಳೆ ಪ್ಲೇಟು ಸಿಕ್ಕಿದ್ದರೆ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ಸರಿ, ಬಲದ ಗುಣಕ್ಕೆ ಬರೋಣ. ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಈ ಬಲಕ್ಕೆ ಪಕ್ಕದವರ ಪರಿಚಯ ಮಾತ್ರ. ತುಂಬ ಹತ್ತಿರ ಬಂದರೆ, ಅಂದರೆ ಅರ್ಧ ಫರ್ಮಿಯಷ್ಟು, ಅದೇ ಬಲ ದೂರ ತಳ್ಳುತ್ತದೆ. ಒಂದು ಫರ್ಮಿ ಆಸುಪಾಸಿನಲ್ಲಿ ಜೋರಾಗಿ ಎಳೆಯುತ್ತದೆ. ಮೂರು ಫರ್ಮಿ ದಾಟಿದರೆ ಇಲ್ಲವೇ ಇಲ್ಲ ಅನ್ನಬಹುದು. ಜಾತ್ರೆಯ ನೂಕುನುಗ್ಗಲಿನಲ್ಲಿ ಪಕ್ಕದವರ ಕೈ ಹಿಡಿದು ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ಹಿಡಿತ ಪಕ್ಕದ ನಾಲ್ಕಾರು ಜನರಿಗೆ ಮಾತ್ರ. ಆದರೆ ಕಂಬಕ್ಕೆ ಕಟ್ಟಿದ ಮೈಕು ಇಡೀ ಜಾತ್ರೆಗೆ ಕೇಳುತ್ತದೆ. ವಿದ್ಯುತ್ ತಳ್ಳಾಟ ಮೈಕಿನ ಹಾಗೆ, ಪ್ರತಿ ಪ್ರೋಟಾನ್‌ಗೂ ಉಳಿದ ಎಲ್ಲ ಪ್ರೋಟಾನ್‌ಗಳ ಕೂಗು ಕೇಳುತ್ತದೆ. ಯುರೇನಿಯಂನಲ್ಲಿ 92 ಪ್ರೋಟಾನ್. ಜೋಡಿ ಲೆಕ್ಕ ಹಾಕಿ, 4186 ಜಗಳ.

ಅದಕ್ಕೇ ಭಾರದ ಪರಮಾಣುಗಳಿಗೆ ನ್ಯೂಟ್ರಾನ್ ಜಾಸ್ತಿ ಬೇಕು. ಅವು ಕೈ ಹಿಡಿಯುತ್ತವೆ, ಕೂಗುವುದಿಲ್ಲ. ಸೀಸದಲ್ಲಿ 82 ಪ್ರೋಟಾನ್‌ಗಳಿಗೆ ಸಾಮಾನ್ಯವಾಗಿ 126 ನ್ಯೂಟ್ರಾನ್. ಅದರಾಚೆ ಎಷ್ಟು ನ್ಯೂಟ್ರಾನ್ ತುಂಬಿದರೂ ಸಾಲದು. ಅಲ್ಲಿಂದ ಮುಂದಿನ ಧಾತುಗಳೆಲ್ಲ ಇಂದೋ ನಾಳೆಯೋ, ಇಲ್ಲಾ ಕೋಟಿ ವರ್ಷಕ್ಕೋ ಒಡೆಯುವವೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೈಗಾದಿಂದ ನಮ್ಮ ಮನೆಗೆ ಬರುವ ಕರೆಂಟು ನ್ಯೂಕ್ಲಿಯರ್ ಬಲದಿಂದ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿತು, ಆ ಹೊತ್ತಿಗೆ ಅದು ವಿಶ್ವದಾಖಲೆ. ಆ 962 ದಿನವೂ ಟರ್ಬೈನ್ ತಿರುಗಿಸಿದ್ದು ಯಾವ ಬಲ? ಯುರೇನಿಯಂ ನ್ಯೂಕ್ಲಿಯಸ್ಸಿಗೆ ಒಂದು ನ್ಯೂಟ್ರಾನ್ ಬಡಿದಾಗ ಅದು ಉದ್ದಕ್ಕೆ ಎಳೆದ ಹಿಟ್ಟಿನ ಮುದ್ದೆಯ ಹಾಗಾಗುತ್ತದೆ. ನಡುವಿನ ಸೊಂಟ ಸಣ್ಣದಾಗಿ ಪಕ್ಕದವರ ಕೈ ತಪ್ಪುತ್ತದೆ. ತಕ್ಷಣ ಎರಡು ಹೋಳುಗಳನ್ನು ವಿದ್ಯುತ್ ತಳ್ಳಾಟ ಎರಡು ದಿಕ್ಕಿಗೆ ಎಸೆಯುತ್ತದೆ. ಒಂದು ವಿದಳನಕ್ಕೆ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬರುತ್ತದೆ, ಅದರ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಹೋಳುಗಳ ಓಟದ್ದು. ಅಂದರೆ ಕೈಗಾದಲ್ಲಿ ಕೆಲಸ ಮಾಡುವುದು ನಮ್ಮ ಅಕ್ಕಿ ಚೀಲವೇ. ಪ್ರಬಲ ಬಲ ಅಲ್ಲಿ ಅಣೆಕಟ್ಟಿನ ಗೋಡೆ. ನೀರು ವಿದ್ಯುತ್ ಬಲದ್ದು.

ಈವರೆಗೆ ಹೇಳಿದ್ದು ಹಳೆಯ ಕಥೆ. 1960ರ ದಶಕದ ಹೊತ್ತಿಗೆ ಗೊತ್ತಾದದ್ದೇನೆಂದರೆ, ಯುಕಾವಾ ಹೇಳಿದ್ದು ಮನೆಯ ಹೊರಗಿನ ವ್ಯವಹಾರ. ಮನೆಯ ಒಳಗೆ ಬೇರೆಯೇ ನಡೆಯುತ್ತಿತ್ತು.

1964ರಲ್ಲಿ ಮರ್ರೆ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಮಾತು ಹೇಳಿದರು. ಪ್ರೋಟಾನ್, ನ್ಯೂಟ್ರಾನ್, ಪಯಾನ್ ಎಲ್ಲವೂ ಇನ್ನೂ ಚಿಕ್ಕ ಕಣಗಳಿಂದ ಆಗಿವೆ. ಆ ಕಣಗಳಿಗೆ ಕ್ವಾರ್ಕ್ ಅನ್ನುವ ಹೆಸರು ನಿಂತಿತು. ಅಪ್, ಡೌನ್ ಅನ್ನುವುದು ಅವುಗಳ ಬಗೆಗಳು. ಪ್ರೋಟಾನ್‌ನಲ್ಲಿ ಎರಡು ಅಪ್, ಒಂದು ಡೌನ್. ನ್ಯೂಟ್ರಾನ್‌ನಲ್ಲಿ ಒಂದು ಅಪ್, ಎರಡು ಡೌನ್. ಪಯಾನ್‌ನಲ್ಲಿ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ಪ್ರತಿಕ್ವಾರ್ಕ್ ಅಂದರೆ ಕ್ವಾರ್ಕ್‌ನ ಪ್ರತಿಕಣ: ತೂಕ ಅಷ್ಟೇ, ಚಾರ್ಜ್ ಮಾತ್ರ ಉಲ್ಟಾ.

ತಕ್ಷಣ ಒಂದು ತೊಡಕು ಬಂತು. ಅದೇ ವರ್ಷ ಒಮೆಗಾ ಮೈನಸ್ ಅನ್ನುವ ಕಣ ಸಿಕ್ಕಿತು. ಅದರಲ್ಲಿ ಮೂರು ಸ್ಟ್ರೇಂಜ್ ಕ್ವಾರ್ಕ್‌ಗಳು, ಮೂರೂ ಒಂದೇ ಸ್ಥಿತಿಯಲ್ಲಿ, ಒಂದೇ ಕಡೆ ತಿರುಗುತ್ತಾ. ಇಂಥ ಎರಡು ಕಣಗಳು ಒಂದೇ ಸ್ಥಿತಿಯಲ್ಲಿ ಇರಬಾರದು ಅನ್ನುವ ಪೌಲಿ ನಿಯಮ ಇದನ್ನು ಒಪ್ಪುವುದಿಲ್ಲ. ಒಂದೇ ಸೀಟು ನಂಬರಿನ ಮೂರು ಟಿಕೆಟ್ ಕೊಟ್ಟ ಹಾಗೆ. ಹಾಗಾದರೆ ಟಿಕೆಟ್ಟಿನ ಮೇಲೆ ನಾವು ನೋಡದೆ ಬಿಟ್ಟ ಇನ್ನೊಂದು ನಂಬರು ಇರಬೇಕು. ಆಸ್ಕರ್ ಗ್ರೀನ್‌ಬರ್ಗ್ ಅದನ್ನು ಆ ವರ್ಷವೇ ಸೂಚಿಸಿದರು. ಈಗ ಅದಕ್ಕೆ ನಾವು ಬಣ್ಣ ಅನ್ನುತ್ತೇವೆ. ಕೆಂಪು, ಹಸಿರು, ನೀಲಿ.

ಇದು ಕಣ್ಣಿಗೆ ಕಾಣುವ ಬಣ್ಣ ಅಲ್ಲ. ಆದರೆ ಹೆಸರು ಸುಮ್ನೆ ಇಟ್ಟದ್ದೂ ಅಲ್ಲ. ಮನೆಗೆ ಹೋದ ಮೇಲೆ ಮೊಬೈಲಿನಲ್ಲಿ ಬಿಳಿ ಪುಟ ಒಂದನ್ನು ತೆರೆದು, ಪರದೆ ಮೇಲೆ ಬೆರಳ ತುದಿಯಿಂದ ಚಿಕ್ಕ ಹನಿ ನೀರು ಬಿಡಿ. ಹನಿ ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಬಿಳಿ ಮಾಯವಾಗಿ ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ. ಮೂರೂ ಸೇರಿದರೆ ಬಿಳಿ. ಕ್ವಾರ್ಕ್‌ಗಳ ಲೋಕದ ಕಾನೂನೂ ಇದೇ: ಹೊರಗೆ ಓಡಾಡಬೇಕಾದರೆ ಒಟ್ಟು ಬಣ್ಣ ಬಿಳಿ ಇರಬೇಕು. ಮೂರು ಬಣ್ಣದ ಮೂರು ಕ್ವಾರ್ಕ್ ಸೇರಿದರೆ ಬಿಳಿ, ಅದು ಪ್ರೋಟಾನ್. ಕೆಂಪಿನ ಜೊತೆ ಪ್ರತಿಕೆಂಪು ಸೇರಿದರೂ ಬಿಳಿ, ಅದು ಪಯಾನ್. ಈಚೆಗೆ ನಾಲ್ಕು, ಐದು ಕ್ವಾರ್ಕ್‌ಗಳ ಕೂಟಗಳೂ ಸಿಕ್ಕಿವೆ, ಅವೂ ಒಟ್ಟಾರೆ ಬಿಳಿಯೇ. ಬಣ್ಣ ನಿಜವಾಗಿ ಮೂರೇ ಅಂತ ಹೇಗೆ ಗೊತ್ತು? ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಡಿಕ್ಕಿ ಹೊಡೆಸಿದಾಗ ಕ್ವಾರ್ಕ್‌ಗಳು ಎಷ್ಟು ಸಲ ಹುಟ್ಟುತ್ತವೆ ಅಂತ ಎಣಿಸಬಹುದು. ಬಣ್ಣವೇ ಇಲ್ಲ ಅಂದುಕೊಂಡು ಹಾಕಿದ ಲೆಕ್ಕಕ್ಕಿಂತ ಮೂರು ಪಟ್ಟು ಬರುತ್ತದೆ.

ವಿದ್ಯುತ್ ಬಲಕ್ಕೆ ಚಾರ್ಜ್ ಹೇಗೋ, ಪ್ರಬಲ ಬಲಕ್ಕೆ ಬಣ್ಣ ಹಾಗೆ. ಅಲ್ಲಿ ಫೋಟಾನ್ ಓಡಾಡುತ್ತದೆ, ಇಲ್ಲಿ ಗ್ಲುಆನ್. ಗ್ಲೂ ಅಂದರೆ ಅಂಟು, ಅಷ್ಟೇ. ಆದರೆ ಒಂದು ವ್ಯತ್ಯಾಸ ಇದೆ. ಇವತ್ತು ನಾನು ಹೇಳಲು ಬಂದ ಮುಖ್ಯ ವಿಷಯ ಇದೇ, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಫೋಟಾನ್‌ಗೆ ಚಾರ್ಜ್ ಇಲ್ಲ. ಅದು ಒಳ್ಳೆಯ ಪೋಸ್ಟ್‌ಮ್ಯಾನ್. ಕಾಗದ ಕೊಟ್ಟು ಸೈಕಲ್ ಹತ್ತಿ ಹೋಗುತ್ತದೆ, ಕಾಗದದಲ್ಲಿ ಏನಿದೆ ಅಂತ ಅದಕ್ಕೆ ಬೇಡ. ಗ್ಲುಆನ್‌ಗೆ ಮಾತ್ರ ಬಣ್ಣ ಇದೆ. ಅದು ಜಗಳದ ಸುದ್ದಿ ಮುಟ್ಟಿಸಲು ಹೋಗಿ ತಾನೇ ಜಗಳಕ್ಕೆ ಇಳಿಯುತ್ತದೆ. ಗ್ಲುಆನ್ ಗ್ಲುಆನ್‌ಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಂದೆ ಬರುವ ವಿಚಿತ್ರಗಳೆಲ್ಲ ಹುಟ್ಟುವುದು ಈ ಒಂದು ಚಾಳಿಯಿಂದ.

ಮೊದಲ ವಿಚಿತ್ರ. ಎರಡು ಚಾರ್ಜ್‌ಗಳ ನಡುವೆ ಬಲದ ಗೆರೆಗಳು ಎಲ್ಲ ಕಡೆ ಹರಡುತ್ತವೆ, ದೂರ ಹೋದಷ್ಟೂ ತೆಳುವಾಗುತ್ತವೆ. ಎರಡು ಕ್ವಾರ್ಕ್‌ಗಳ ನಡುವೆ ಗ್ಲುಆನ್ ಗೆರೆಗಳು ಹರಡುವುದಿಲ್ಲ. ಒಂದನ್ನೊಂದು ಎಳೆದುಕೊಂಡು, ಹೊಸೆದ ಹಗ್ಗದ ಹಾಗೆ ಬಿಗಿಯಾಗಿ ಕೂತುಬಿಡುತ್ತವೆ. ಕ್ವಾರ್ಕ್‌ಗಳನ್ನು ದೂರ ಎಳೆದರೆ ಹಗ್ಗ ಉದ್ದ ಆಗುತ್ತದೆ, ತೆಳುವಾಗುವುದಿಲ್ಲ. ಅಂದರೆ ಎಷ್ಟು ದೂರ ಎಳೆದರೂ ಬಲ ಕಮ್ಮಿಯಾಗುವುದಿಲ್ಲ.

ಪುಸ್ತಕಗಳಲ್ಲಿ ಇದಕ್ಕೆ ರಬ್ಬರ್ ಬ್ಯಾಂಡ್ ಉದಾಹರಣೆ ಕೊಡುತ್ತಾರೆ. ನಾನೂ ಬಹಳ ವರ್ಷ ಅದನ್ನೇ ಹೇಳುತ್ತಿದ್ದೆ. ಆದರೆ ಅದು ಅಷ್ಟು ಸರಿ ಇಲ್ಲ. ರಬ್ಬರನ್ನು ಎಳೆದಷ್ಟೂ ಬಲ ಹೆಚ್ಚುತ್ತದೆ, ಇಲ್ಲಿ ಬಲ ಒಂದೇ ಸಮ ಇರುತ್ತದೆ. ನನಗೆ ಈಗ ಬಾವಿ ಹೆಚ್ಚು ಇಷ್ಟ. ರಾಟೆಯ ಮೇಲೆ ಕೊಡ ಸೇದಿದವರು ಇಲ್ಲಿ ಕೆಲವರಾದರೂ ಇರುತ್ತೀರಿ. ಕೊಡ ನೀರಿನಿಂದ ಮೇಲೆದ್ದ ಮೇಲೆ ಅದರ ಭಾರ ಬದಲಾಗುವುದಿಲ್ಲ. ಮೊದಲ ಮಾರಿಗೂ ಅಷ್ಟೇ, ಹತ್ತನೇ ಮಾರಿಗೂ ಅಷ್ಟೇ. ಆದರೆ ನಿಮ್ಮ ದಣಿವು ಮಾರು ಮಾರಿಗೂ ಕೂಡುತ್ತಾ ಹೋಗುತ್ತದೆ. ಬಾವಿ ಆಳ ಇದ್ದಷ್ಟೂ ಶಕ್ತಿ ಜಾಸ್ತಿ ಬೇಕು. ಕ್ವಾರ್ಕ್ ಹಗ್ಗವೂ ಹಾಗೇ. ಅದರ ಎಳೆತ ಎಷ್ಟು ಗೊತ್ತಾ? ಸುಮಾರು 15 ಟನ್. ಲೋಡ್ ತುಂಬಿದ ಆರು ಚಕ್ರದ ಲಾರಿಯ ತೂಕ. ಅಕ್ಕಿ ಚೀಲ ಈಗ ಆಟದ ಸಾಮಾನು ಅನ್ನಿಸುತ್ತದೆ, ಅಲ್ವಾ? ಈ ಬಾವಿಗೆ ತಳವೇ ಇಲ್ಲ ಅಂದುಕೊಳ್ಳಿ. ಕ್ವಾರ್ಕನ್ನು ಪೂರ್ತಿ ಬಿಡಿಸಿ ತರಬೇಕಾದರೆ ಮುಗಿಯದಷ್ಟು ಶಕ್ತಿ ಬೇಕು.

ಆದರೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಒಂದು ಫರ್ಮಿ ಎಳೆಯುವಷ್ಟರಲ್ಲಿ ಹೆಚ್ಚುಕಮ್ಮಿ ಒಂದು ಪ್ರೋಟಾನ್ ಹುಟ್ಟಿಸುವಷ್ಟು ಶಕ್ತಿ ಹಗ್ಗದಲ್ಲಿ ಸೇರಿರುತ್ತದೆ. ಅಷ್ಟು ಶಕ್ತಿ ಇದ್ದ ಮೇಲೆ ಪ್ರಕೃತಿಗೆ ಸುಲಭದ ದಾರಿ ಒಂದಿದೆ. ಹಗ್ಗ ನಡುವೆ ಕಡಿಯುತ್ತದೆ. ಕಡಿದ ಒಂದು ತುದಿಯಲ್ಲಿ ಹೊಸ ಕ್ವಾರ್ಕ್, ಇನ್ನೊಂದು ತುದಿಯಲ್ಲಿ ಹೊಸ ಪ್ರತಿಕ್ವಾರ್ಕ್. ಚುಂಬಕದ ಕಡ್ಡಿಯನ್ನು ಮುರಿದಿದ್ದೀರಾ? ಉತ್ತರ ಧ್ರುವ ಒಂದನ್ನೇ ತೆಗೆದುಕೊಂಡು ಹೋಗೋಣ ಅಂತ ಮುರಿದರೆ ಎರಡು ಪೂರ್ತಿ ಚುಂಬಕ ಕೈಗೆ ಬರುತ್ತವೆ. ಹಾಗೇ ಒಂದು ಕ್ವಾರ್ಕ್ ಕದಿಯೋಣ ಅಂತ ಹೋದವನಿಗೆ ಒಂದು ಪಯಾನ್ ಸಿಗುತ್ತದೆ. ಇನ್ನೂ ಜೋರಾಗಿ ಹೊಡೆದರೆ ಹತ್ತು ಪಯಾನ್ ಸಿಗುತ್ತವೆ. ಒಂಟಿ ಕ್ವಾರ್ಕ್ ಮಾತ್ರ ಸಿಗುವುದಿಲ್ಲ.

ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜೋರಾಗಿ ಓಡುವ ಕ್ವಾರ್ಕ್ ತನ್ನ ಹಿಂದೆ ಹಗ್ಗ ಕಡಿಯುತ್ತಾ ಕಡಿಯುತ್ತಾ ಹೋಗುತ್ತದೆ, ಅದರ ದಾರಿಯಲ್ಲಿ ಕಣಗಳ ಒಂದು ಸಿಂಪಡಿಕೆ ಹೊರಡುತ್ತದೆ. ಅದಕ್ಕೆ ಜೆಟ್ ಅನ್ನುತ್ತಾರೆ. ಎಲೆಕ್ಟ್ರಾನ್–ಪಾಸಿಟ್ರಾನ್ ಡಿಕ್ಕಿಯಲ್ಲಿ ಸಾಮಾನ್ಯವಾಗಿ ಎರಡು ಜೆಟ್, ಎದುರುಬದುರು. 1979ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯದಲ್ಲಿ ಕೆಲವು ಚಿತ್ರಗಳಲ್ಲಿ ಮೂರು ಜೆಟ್ ಕಂಡವು. ಮೂರು ಕಾಲಿನ ನಕ್ಷತ್ರದ ಹಾಗೆ. ಎರಡು ಕಾಲು ಕ್ವಾರ್ಕ್‌ಗಳದ್ದು. ಮೂರನೆಯದು ನಡುವೆ ಸಿಡಿದು ಹೊರಟ ಗ್ಲುಆನ್. ಯಾರೂ ನೋಡಲಾಗದ ಅಂಟು ತನ್ನ ಕಾಲ ಗುರುತು ಬಿಟ್ಟು ಹೋಗಿತ್ತು.

ಎರಡನೆಯ ವಿಚಿತ್ರ ಇದಕ್ಕೆ ಉಲ್ಟಾ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ, ಸುಮಾರು 3 ಕಿಲೋಮೀಟರ್ ಉದ್ದದ ಯಂತ್ರದಲ್ಲಿ ಎಲೆಕ್ಟ್ರಾನ್‌ಗಳನ್ನು ಓಡಿಸಿ ಪ್ರೋಟಾನ್‌ಗೆ ಹೊಡೆದರು. ಎಲೆಕ್ಟ್ರಾನ್‌ಗಳು ಒಳಗೆ ಗಟ್ಟಿ ಚುಕ್ಕಿಗಳಿಗೆ ಬಡಿದು ಚದುರಿದವು. ಚುಕ್ಕಿಗಳು ಇವೆ, ಸರಿ. ಆದರೆ ಅವು ಒಂದಕ್ಕೊಂದು ಕಟ್ಟೇ ಹಾಕದ ಹಾಗೆ, ಸ್ವತಂತ್ರವಾಗಿ ಓಡಾಡುತ್ತಿದ್ದವು. ಇದು ಹೇಗೆ? ಹೊರಗೆ ಎಳೆದರೆ 15 ಟನ್ ಹಿಡಿತ, ಒಳಗೆ ಇಣುಕಿದರೆ ಬಿಡುಬೀಸು.

ಉತ್ತರ 1973ರಲ್ಲಿ ಬಂತು. ಪ್ರಿನ್ಸ್‌ಟನ್‌ನಲ್ಲಿ ಡೇವಿಡ್ ಗ್ರಾಸ್ ಮತ್ತು ಅವರ ವಿದ್ಯಾರ್ಥಿ ಫ್ರ್ಯಾಂಕ್ ವಿಲ್ಚೆಕ್, ಹಾರ್ವರ್ಡ್‌ನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಡೇವಿಡ್ ಪೊಲಿಟ್ಜರ್. ಬಣ್ಣದ ಬಲ ಹತ್ತಿರ ಹೋದಷ್ಟೂ ಸಡಿಲವಾಗುತ್ತದೆ ಅಂತ ಇವರು ಲೆಕ್ಕ ಮಾಡಿ ತೋರಿಸಿದರು. ನೊಬೆಲ್ ಬರಲು 2004 ಆಯಿತು.

ಕಾರಣ ಮತ್ತೆ ಗ್ಲುಆನ್‌ನ ಚಾಳಿಯೇ. ಗಾಳಿಸುದ್ದಿ ಹೇಗೆ ಬೆಳೆಯುತ್ತದೆ ನೋಡಿ. ಗಂಡ ಹೆಂಡತಿ ನಡುವೆ ಸಾರಿಗೆ ಉಪ್ಪು ಜಾಸ್ತಿ ಅಂತ ಒಂದು ಮಾತು. ಪಕ್ಕದ ಮನೆಗೆ ಹೋಗುವಾಗ ಜಗಳ. ಬೀದಿ ಕೊನೆಯ ಟೀ ಅಂಗಡಿ ಮುಟ್ಟುವಾಗ ವಿಚ್ಛೇದನ. ಸುದ್ದಿ ಒಯ್ಯುವವರೆಲ್ಲ ತಮ್ಮದೂ ಸ್ವಲ್ಪ ಸೇರಿಸುತ್ತಾರೆ. ಹುಟ್ಟಿದ ಜಾಗಕ್ಕೆ ಹೋಗಿ ಕೇಳಿದರೆ ಏನೂ ಇಲ್ಲ, ಉಪ್ಪು. ಕ್ವಾರ್ಕ್ ಸುತ್ತ ಗ್ಲುಆನ್‌ಗಳು ಮಾಡುವುದು ಇದನ್ನೇ. ದೂರದಿಂದ ನೋಡಿದರೆ ಬಣ್ಣದ ಬಲ ದೊಡ್ಡದು, ಹತ್ತಿರ ಹೋದರೆ ಚಿಕ್ಕದು. ಅದೇ ಜಾಗದಲ್ಲಿ ಕ್ಷಣಕಾಲ ಹುಟ್ಟಿ ಸಾಯುವ ಕ್ವಾರ್ಕ್–ಪ್ರತಿಕ್ವಾರ್ಕ್ ಜೋಡಿಗಳು ಇದಕ್ಕೆ ವಿರುದ್ಧ ಕೆಲಸ ಮಾಡುತ್ತವೆ, ಸುದ್ದಿಯನ್ನು ಮುಚ್ಚಿಹಾಕುತ್ತವೆ. ಯಾರು ಗೆಲ್ಲುತ್ತಾರೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ, ಬೋರ್ಡಿನ ಮೇಲೆ ಬರೆದಿದ್ದೇನೆ ನೋಡಿ. ಗ್ಲುಆನ್‌ಗಳ ಪಾಲು 11. ಪ್ರತಿ ಬಗೆಯ ಕ್ವಾರ್ಕ್ ಮೂರನೇ ಎರಡು ಪಾಲು ಕಳೆಯುತ್ತದೆ. ಕ್ವಾರ್ಕ್ ಬಗೆಗಳು ಆರು, ಒಟ್ಟು ಕಳೆಯುವುದು 4. ಉಳಿಯಿತು 7. ಗ್ಲುಆನ್ ಗೆದ್ದಿತು. ಕ್ವಾರ್ಕ್ ಹದಿನೇಳು ಬಗೆ ಇದ್ದಿದ್ದರೆ ಈ ಆಟ ತಿರುಗಿಬೀಳುತ್ತಿತ್ತು. ಹನ್ನೊಂದರಲ್ಲಿ ನಾಲ್ಕು ಕಳೆಯುವ ಲೆಕ್ಕಕ್ಕೆ ನೊಬೆಲ್ಲೇ ಅಂತ ನಗಬೇಡಿ. ಆ 11 ಎಲ್ಲಿಂದ ಬಂತು ಅಂತ ತೋರಿಸುವುದಕ್ಕೆ ಪುಟಗಟ್ಟಲೆ ಲೆಕ್ಕ ಬೇಕು. ಅದರಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿದರೆ ಇಡೀ ಉತ್ತರ ತಲೆಕೆಳಗು.

ಹಾಗಾದರೆ ಯುಕಾವಾ ಹೇಳಿದ್ದು ಸುಳ್ಳಾ? ಇಲ್ಲ. ಎಳ್ಳುಂಡೆ ನೆನಪಿಸಿಕೊಳ್ಳಿ. ಎಳ್ಳನ್ನು ಹಿಡಿದಿಟ್ಟಿರುವುದು ಬೆಲ್ಲದ ಪಾಕ. ಒಳಗೆ ಅದರ ಹಿಡಿತ ಎಷ್ಟು ಗಟ್ಟಿ ಅಂದರೆ ನನ್ನ ವಯಸ್ಸಿನವರು ಹಲ್ಲಿಗೆ ಹೆದರಿ ಕಚ್ಚಬೇಕು. ಆದರೆ ಉಂಡೆಗಳನ್ನು ಡಬ್ಬಿಯಲ್ಲಿ ಒತ್ತಿಟ್ಟರೆ ಪಕ್ಕಪಕ್ಕದವು ಸ್ವಲ್ಪ ಅಂಟಿಕೊಳ್ಳುತ್ತವೆ, ಅಲ್ವಾ? ಅದೂ ಅದೇ ಪಾಕ, ಹೊರಗೆ ಜಿನುಗಿದ್ದು. ಪ್ರೋಟಾನ್, ನ್ಯೂಟ್ರಾನ್ ಒಂದೊಂದು ಉಂಡೆ. ಒಟ್ಟಾರೆ ಬಿಳಿ, ಹಾಗಾಗಿ ದೂರದಿಂದ ಬಣ್ಣದ ಬಲವೇ ಕಾಣುವುದಿಲ್ಲ. ಮೈಗೆ ಮೈ ತಾಗುವಷ್ಟು ಹತ್ತಿರ ಬಂದಾಗ ಮಾತ್ರ ಒಳಗಿನ ಅಂಟು ಸ್ವಲ್ಪ ಹೊರಗೆ ಸಿಗುತ್ತದೆ. ಆ ಜಿನುಗು ಪಯಾನ್‌ಗಳ ಕೊಡುಕೊಳ್ಳುವಿಕೆಯ ಹಾಗೆ ಕಾಣುತ್ತದೆ, ಯುಕಾವಾ ನೋಡಿದ್ದು ಅದನ್ನೇ. ಇಡೀ ಜಗತ್ತಿನ ನ್ಯೂಕ್ಲಿಯಸ್‌ಗಳು ನಿಂತಿರುವುದು ಈ ಡಬ್ಬಿಯ ಅಂಟಿನ ಮೇಲೆ.

ಈಗ ನಿಮ್ಮ ತೂಕದ ವಿಷಯ. ನಾನು ಕ್ಲಾಸಿನಲ್ಲಿ ವರ್ಷಗಟ್ಟಲೆ ಪ್ರೋಟಾನ್ ಅಂತ ಒಂದು ವೃತ್ತ ಬರೆದು ಒಳಗೆ ಮೂರು ಗೋಲಿ ಬರೆಯುತ್ತಿದ್ದೆ. ಒಂದು ದಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮೂರು ಗೋಲಿ ತೂಕ ಕೂಡಿದರೆ ಪ್ರೋಟಾನ್ ತೂಕ ಬರುತ್ತಾ?" ಅಂದಳು. ಬರಬೇಕಲ್ಲಮ್ಮ, ಅಂದೆ. ಮನೆಗೆ ಹೋಗಿ ಕೂಡಿದೆ. ಅಪ್ ಕ್ವಾರ್ಕ್ ಸುಮಾರು 2.2, ಡೌನ್ ಸುಮಾರು 4.7, ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ. ಕಣಗಳ ತೂಕವನ್ನೂ ನಾವು ಶಕ್ತಿಯ ಈ ಅಳತೆಯಲ್ಲೇ ಹೇಳುತ್ತೇವೆ. ಎರಡು ಅಪ್, ಒಂದು ಡೌನ್: 9 ಚಿಲ್ಲರೆ. ಪ್ರೋಟಾನ್ ತೂಕ 938. ನೂರಕ್ಕೆ ಒಂದು ಪಾಲು ಮಾತ್ರ ಗೋಲಿಗಳದ್ದು. ಮರುದಿನ ಅವಳ ಎದುರು ಬರೆದ ಚಿತ್ರ ಅಳಿಸಿದೆ.

ಉಳಿದ 99 ಪಾಲು ಎಲ್ಲಿಂದ ಬಂತು? ಕ್ವಾರ್ಕನ್ನು ಒಂದು ಫರ್ಮಿ ಕೋಣೆಯಲ್ಲಿ ಕೂಡಿಹಾಕಿದರೆ ಅದು ಸುಮ್ಮನೆ ಕೂರುವುದಿಲ್ಲ. ಜಾಗ ಚಿಕ್ಕದಾದಷ್ಟೂ ಓಟ ಜೋರು, ಇದು ಕ್ವಾಂಟಂ ನಿಯಮ. ಆ ಓಟದ ಶಕ್ತಿ ಒಂದು ಕಡೆ. ಗ್ಲುಆನ್‌ಗಳ ಗದ್ದಲದ ಶಕ್ತಿ ಇನ್ನೊಂದು ಕಡೆ. ಹುಟ್ಟಿ ಸಾಯುವ ಕ್ವಾರ್ಕ್ ಜೋಡಿಗಳು ಮತ್ತೊಂದು ಕಡೆ. ಶಕ್ತಿಗೆ ತೂಕ ಇದೆ ಅಂತ ಐನ್‌ಸ್ಟೈನ್ 1905ರಲ್ಲೇ ಹೇಳಿದ್ದಾರೆ. ನೀವು 60 ಕೆಜಿ ಇದ್ದರೆ ಅದರಲ್ಲಿ ಎಲೆಕ್ಟ್ರಾನ್‌ಗಳದ್ದು ಇಪ್ಪತ್ತು ಗ್ರಾಂ ಕೂಡ ಇಲ್ಲ. ಕ್ವಾರ್ಕ್‌ಗಳ ಸ್ವಂತ ತೂಕ ಸುಮಾರು 600 ಗ್ರಾಂ. ಉಳಿದ 59 ಕೆಜಿ ಚಿಲ್ಲರೆ ಪ್ರಬಲ ಬಲದ ಗದ್ದಲ. 2012ರಲ್ಲಿ ಹಿಗ್ಸ್ ಕಣ ಸಿಕ್ಕಾಗ, ಎಲ್ಲದಕ್ಕೂ ತೂಕ ಕೊಡುವ ಕಣ ಅಂತ ಪೇಪರುಗಳು ಬರೆದವು. ಹಿಗ್ಸ್ ಕೊಟ್ಟಿದ್ದು ಆ 600 ಗ್ರಾಂ ಮತ್ತು ಎಲೆಕ್ಟ್ರಾನ್‌ನ ಚೂರುಪಾರು. ತಕ್ಕಡಿ ಹತ್ತಿ ಬೇಜಾರಾದರೆ ಬೈಯಬೇಕಾದದ್ದು ಗ್ಲುಆನ್‌ಗಳನ್ನು.

ಇದು ಬರೀ ಬಾಯಿಮಾತಲ್ಲ. ಕೆನ್ನೆತ್ ವಿಲ್ಸನ್ 1974ರಲ್ಲಿ ಒಂದು ಉಪಾಯ ಹೇಳಿದರು. ಜಾಗವನ್ನೂ ಕಾಲವನ್ನೂ ಜಾಲರಿಯ ಹಾಗೆ ಚೌಕ ಚೌಕ ಮಾಡಿ, ಪ್ರತಿ ಗಂಟಿನಲ್ಲಿ ಕ್ವಾರ್ಕ್, ಗಂಟುಗಳ ನಡುವಿನ ಎಳೆಯಲ್ಲಿ ಗ್ಲುಆನ್ ಇಟ್ಟು ಕಂಪ್ಯೂಟರಿಗೆ ಕೊಡಿ ಅಂತ. 2008ರಲ್ಲಿ ಯೂರೋಪಿನ ಒಂದು ತಂಡ ಹೀಗೆ ಲೆಕ್ಕ ಹಾಕಿ ಪ್ರೋಟಾನ್ ಮತ್ತು ಅದರ ಬಳಗದ ತೂಕಗಳನ್ನು ಪಡೆಯಿತು. ಪ್ರಯೋಗದ ಅಂಕಿಗಳಿಗೆ ಕೆಲವೇ ಶೇಕಡಾ ವ್ಯತ್ಯಾಸ.

ಪ್ರಶ್ನೆಗಳ ಹೊತ್ತಿನಲ್ಲಿ ಎರಡು ಒಳ್ಳೆಯ ಪ್ರಶ್ನೆ ಬಂದವು, ಅವನ್ನೂ ಸೇರಿಸುತ್ತೇನೆ. ಹಿಂದಿನ ಸಾಲಿನ ಹಿರಿಯರೊಬ್ಬರು, ಇಷ್ಟು ಗಟ್ಟಿ ಕಟ್ಟಿದ ಪ್ರೋಟಾನ್‌ಗೆ ಸಾವಿಲ್ಲವೇ ಅಂತ ಕೇಳಿದರು. ಪ್ರಬಲ ಬಲ ಒಂದನ್ನೇ ನೋಡಿದರೆ ಇಲ್ಲ. ಆದರೆ ಪ್ರಬಲ ಬಲ, ವಿದ್ಯುತ್ ಬಲ, ಕೆಲವು ವಿಕಿರಣಗಳಿಗೆ ಕಾರಣವಾದ ದುರ್ಬಲ ಬಲ, ಈ ಮೂರೂ ಒಂದೇ ಬಲದ ಮುಖಗಳು ಅನ್ನುವ ಸಿದ್ಧಾಂತಗಳು 1970ರ ದಶಕದಲ್ಲಿ ಬಂದವು. ಅವು ನಿಜವಾದರೆ ಪ್ರೋಟಾನ್ ಎಂದಾದರೂ ಒಡೆಯಲೇಬೇಕು. ಅದನ್ನು ಕಾದು ನೋಡಿದ ಮೊದಲ ಜಾಗಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ. ಭಾರತ ಮತ್ತು ಜಪಾನಿನ ವಿಜ್ಞಾನಿಗಳು 1980ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ, ಕಬ್ಬಿಣದ ಪದರಗಳ ಯಂತ್ರ ನಿಲ್ಲಿಸಿದರು. ಕಾಸ್ಮಿಕ್ ಕಿರಣಗಳ ಗಲಾಟೆ ತಪ್ಪಿಸಲು ಅಷ್ಟು ಆಳ. ಕೆಲವು ಗುರುತುಗಳು ಪ್ರೋಟಾನ್ ಸಾವಿನ ಹಾಗೆ ಕಂಡವು. ಆಮೇಲೆ ಬಂದ ದೊಡ್ಡ ಪ್ರಯೋಗಗಳು ಅದನ್ನು ಒಪ್ಪಲಿಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ 50,000 ಟನ್ ನೀರು ಇಟ್ಟು ಕಾಯುತ್ತಿದ್ದಾರೆ. ಒಂದೂ ಸತ್ತಿಲ್ಲ. ಈಗಿನ ಲೆಕ್ಕದಲ್ಲಿ ಪ್ರೋಟಾನ್ ಆಯಸ್ಸು 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕೂ ಮೇಲೆ.

ಇನ್ನೊಂದು ಪ್ರಶ್ನೆ ಮುಂದೆ ಕೂತಿದ್ದ ಹುಡುಗನದು. "ಒಂಟಿ ಕ್ವಾರ್ಕ್ ಸಿಗಲ್ಲ ಅಂದ್ರಲ್ಲ ಸರ್, ಅದನ್ನ ಯಾರಾದ್ರೂ ಪ್ರೂವ್ ಮಾಡಿದಾರಾ?" ಇಲ್ಲಪ್ಪ. ಪ್ರಯೋಗದಲ್ಲಿ ಯಾರಿಗೂ ಸಿಕ್ಕಿಲ್ಲ. ಕಂಪ್ಯೂಟರಿನ ಜಾಲರಿ ಲೆಕ್ಕದಲ್ಲಿ ಹಗ್ಗ ಚೆನ್ನಾಗಿ ಕಾಣುತ್ತದೆ. ಆದರೆ ಸಮೀಕರಣಗಳಿಂದ ಶುರು ಮಾಡಿ, ಗಣಿತದ ಪ್ರಮೇಯ ಸಾಧಿಸುವ ಹಾಗೆ ಹೆಜ್ಜೆ ಹೆಜ್ಜೆಯಾಗಿ ಯಾರೂ ತೋರಿಸಿಲ್ಲ. ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಗಣಿತದ ಏಳು ಸಮಸ್ಯೆಗಳನ್ನು ಆರಿಸಿ ಒಂದೊಂದಕ್ಕೂ ಹತ್ತು ಲಕ್ಷ ಡಾಲರ್ ಇಟ್ಟಿತು. ಗ್ಲುಆನ್‌ಗಳಿಗೆ ಸ್ವಂತ ತೂಕ ಇಲ್ಲದಿದ್ದರೂ ಅವುಗಳಿಂದ ಆದ ಎಲ್ಲಕ್ಕೂ ತೂಕ ಯಾಕಿದೆ ಅನ್ನುವುದು ಆ ಏಳರಲ್ಲಿ ಒಂದು, ನಿನ್ನ ಪ್ರಶ್ನೆಯ ಪಕ್ಕದ ಮನೆಯದು. ಏಳರಲ್ಲಿ ಒಂದು ಬಗೆಹರಿದಿದೆ. ಅದು ಇದಲ್ಲ. ಹುಡುಗ ಡಾಲರನ್ನು ರೂಪಾಯಿಗೆ ಗುಣಿಸುತ್ತಿದ್ದದ್ದು ವೇದಿಕೆಯಿಂದ ಕಾಣುತ್ತಿತ್ತು.